ಬಾವುಟ ಎದ್ದರೆ ಸಾಲದು: ಒಲಿಂಪಸ್ ಟ್ರಿಪ್ 35ರ ಕಾಯಿಲೆ ಹುಡುಕುವ ಬಗೆ

ಹಳೆಯ ಒಲಿಂಪಸ್ ಟ್ರಿಪ್ 35 ಫಿಲ್ಮ್ ಕ್ಯಾಮೆರಾ ಮಾರುವವರು ಗಿರಾಕಿಗೆ ತೋರಿಸುವ ಆಟವೊಂದಿದೆ. ಲೆನ್ಸಿನ ಮೇಲೆ ಅಂಗೈ ಮುಚ್ಚಿ ಗುಂಡಿ ಒತ್ತುತ್ತಾರೆ. ವ್ಯೂಫೈಂಡರಿನೊಳಗೆ ಪುಟ್ಟದೊಂದು ಕೆಂಪು ಬಾವುಟ ಏಳುತ್ತದೆ, ಫಿಲ್ಮಿಗೆ ಬೆಳಕು ಬಿಡುವ ಶಟರ್ ಬೀಳುವುದಿಲ್ಲ. ಕೈ ತೆಗೆದು ಕಿಟಕಿಯ ಕಡೆಗೆ ತಿರುಗಿಸಿ ಒತ್ತಿದರೆ ಕ್ಲಿಕ್ ಎನ್ನುತ್ತದೆ. ಬೆಳಕು ಅಳೆಯುವ ಮೀಟರ್ ಜೀವಂತವಾಗಿದೆ ಎಂದು ಸಾಬೀತಾಯಿತು, ಬೆಲೆಯೂ ಏರಿತು.

ನನ್ನದು ಕೊಂಡ ಕ್ಯಾಮೆರಾ ಅಲ್ಲ. ಮಲೆನಾಡಿನ ಮನೆಯಲ್ಲಿ ಸೋದರಮಾವನ ಬೀರುವಿನೊಳಗೆ, ಚರ್ಮದ ಚೀಲದಲ್ಲಿ ಹತ್ತಾರು ಮಳೆಗಾಲ ಕಳೆದದ್ದು. ಅದೂ ಬಾವುಟದ ಪರೀಕ್ಷೆಯಲ್ಲಿ ಲೀಲಾಜಾಲವಾಗಿ ಪಾಸಾಯಿತು. ನಾನು 200ರ ವೇಗದ (ಬೆಳಕಿಗೆ ಸ್ಪಂದಿಸುವ ಚುರುಕಿನ) ಕಲರ್ ರೀಲು ಹಾಕಿಕೊಂಡು ಊರಿನ ತೇರಿಗೆ ಹೋದೆ. ತೊಳೆಸಿ ತಂದ ನೆಗೆಟಿವನ್ನು ಬೆಳಕಿಗೆ ಹಿಡಿದರೆ, ದೇವಸ್ಥಾನದ ಹೆಬ್ಬಾಗಿಲ ನೆರಳಿನಲ್ಲಿ ಕುಳಿತ ಅಜ್ಜಿಯರು ಚೆನ್ನಾಗಿಯೇ ಬಂದಿದ್ದರು. ಮಟಮಟ ಮಧ್ಯಾಹ್ನ ತೆಗೆದ ತೇರು ಮಾತ್ರ ಕಾಡಿಗೆ ಬಳಿದಂತೆ ಕಪ್ಪಾಗಿತ್ತು. ಸ್ಕ್ಯಾನ್ ಮಾಡಿಸಿದರೆ ಸುಣ್ಣ ಹೊಡೆದ ಗೋಡೆ. ಲ್ಯಾಬಿನವರ ಜೊತೆ ಸ್ವಲ್ಪ ಜೋರಾಗಿಯೇ ಮಾತನಾಡಿದೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ, ಏಕೆಂದರೆ ತಪ್ಪು ಅವರದಾಗಿರಲಿಲ್ಲ. ಬಾವುಟ ಹೇಳುವುದು ಅರ್ಧ ಸತ್ಯ ಎಂಬುದು ನನಗೆ ಗೊತ್ತಿರಲಿಲ್ಲ, ಅಷ್ಟೆ.

ಆ ಉಳಿದರ್ಧವನ್ನು ಕ್ಯಾಮೆರಾದಿಂದ ಹೇಗೆ ಹೊರಡಿಸುವುದು ಎಂಬುದು ಈ ಬರಹದ ವಿಷಯ. ಸ್ಕ್ರೂಡ್ರೈವರ್ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ.

ಒಳಗೆ ನಡೆಯುವುದೇನು

1967ರಲ್ಲಿ ಬಂದು 1984ರವರೆಗೆ ತಯಾರಾದ ಈ ಕ್ಯಾಮೆರಾಕ್ಕೆ ಬ್ಯಾಟರಿಯೇ ಇಲ್ಲ. ಬ್ರಿಟನ್ನಿನಲ್ಲಿ ಫೋಟೋಗ್ರಾಫರ್ ಡೇವಿಡ್ ಬೇಲಿ ಜಾಹೀರಾತಿನಲ್ಲಿ ಕಾಣಿಸಿಕೊಂಡು ಇದನ್ನು ಮನೆಮಾತಾಗಿಸಿದರು. ಹೆಸರೇ ಹೇಳುವಂತೆ ಇದು ಪ್ರವಾಸಕ್ಕೆ ಹೊರಟವರ ಕ್ಯಾಮೆರಾ: ಸೊನ್ನೆ ತಲೆಬಿಸಿ, 40 ಮಿ.ಮೀ. ಎಫ್ 2.8 ಲೆನ್ಸ್, ಎರಡೇ ಎರಡು ಶಟರ್ ವೇಗ. ಒಂದು 1/40 ಸೆಕೆಂಡು, ಇನ್ನೊಂದು 1/200.

ಲೆನ್ಸಿನ ಸುತ್ತ ಜೇನುಗೂಡಿನಂತೆ ಉಬ್ಬುಬ್ಬಾಗಿರುವ ಗಾಜಿನ ಬಳೆ ಇದೆಯಲ್ಲ, ಅದರ ಹಿಂದಿರುವುದು ಸೆಲೆನಿಯಂ. ಬೆಳಕು ಬಿದ್ದಷ್ಟು ವಿದ್ಯುತ್ತನ್ನು ಅದು ತಾನೇ ಹುಟ್ಟಿಸುತ್ತದೆ. ಆ ವಿದ್ಯುತ್ತಿಗೆ ಒಳಗಿನ ಮೀಟರಿನ ಮುಳ್ಳು ಆಡುತ್ತದೆ. ನೀವು ಗುಂಡಿ ಒತ್ತಿದಾಗ ಮೆಟ್ಟಿಲು ಮೆಟ್ಟಿಲಾಗಿರುವ ಒಂದು ಪಟ್ಟಿ ಬಂದು ಮುಳ್ಳನ್ನು ಇದ್ದಲ್ಲೇ ಹಿಡಿದುಬಿಡುತ್ತದೆ. ಮುಳ್ಳು ಯಾವ ಮೆಟ್ಟಿಲಿಗೆ ಸಿಕ್ಕಿತು ಎಂಬುದರ ಮೇಲೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಷ್ಟು, ವೇಗ ಯಾವುದು ಎಂಬುದು ತೀರ್ಮಾನವಾಗುತ್ತದೆ. ಮುಳ್ಳು ಏಳದೆ ತಳದಲ್ಲೇ ಬಿದ್ದಿದ್ದರೆ ಬಾವುಟ ಎದ್ದು ಶಟರಿಗೆ ಅಡ್ಡಗಾಲು ಹಾಕುತ್ತದೆ.

ಹಾಗಾದರೆ ಕ್ರಮ ಹೀಗೆ: ಸೆಲೆನಿಯಂ, ತಂತಿ, ಮುಳ್ಳು, ಮೆಟ್ಟಿಲ ಪಟ್ಟಿ, ಅಪರ್ಚರಿನ ಎರಡು ಎಲೆಗಳು, ಕೊನೆಗೆ ಶಟರ್. ಬಾವುಟ ಸಾಕ್ಷಿ ಹೇಳುವುದು ಮೊದಲ ನಾಲ್ಕಕ್ಕೆ ಮಾತ್ರ. ಎಲೆಗಳು ಎಣ್ಣೆ ಒಣಗಿ ಒಂದಕ್ಕೊಂದು ಅಂಟಿಕೊಂಡಿದ್ದರೂ ಬಾವುಟ ತನ್ನ ಪಾಡಿಗೆ ಏಳುತ್ತದೆ, ಇಳಿಯುತ್ತದೆ. ಪಾಪ, ಅದಕ್ಕೇನು ಗೊತ್ತು.

ಮೊದಲು ಬಳೆ ನೋಡಿ

ನಗಬೇಡಿ, ದೂರುಗಳಲ್ಲಿ ಒಂದು ಪಾಲು ಇಲ್ಲೇ ಮುಗಿಯುತ್ತದೆ. ಲೆನ್ಸಿನ ಬುಡದಲ್ಲಿ ಒಂದು ತಿರುಗುಬಳೆ ಇದೆ. ಅದರ ಮೇಲೆ ಕೆಂಪು ‘ಎ’ ಅಕ್ಷರ, ಪಕ್ಕದಲ್ಲಿ 2.8ರಿಂದ 22ರವರೆಗಿನ ಅಪರ್ಚರ್ (ಎಫ್) ಅಂಕಿಗಳು; ಅಂಕಿ ಸಣ್ಣದಾದಷ್ಟು ಕಿಂಡಿ ದೊಡ್ಡದು. ‘ಎ’ಯಲ್ಲಿದ್ದರೆ ಮಾತ್ರ ಮೀಟರಿನ ಆಟ ನಡೆಯುತ್ತದೆ. ಅಂಕಿಗಳು ಫ್ಲ್ಯಾಶಿಗಾಗಿ ಇರುವಂಥವು. ಅಲ್ಲಿ ಶಟರ್ ಸದಾ 1/40ರಲ್ಲೇ ಓಡುತ್ತದೆ, ಬಾವುಟ ಏಳುವುದಿಲ್ಲ. ಚೀಲದಿಂದ ತೆಗೆಯುವಾಗ ಬೆರಳು ತಗುಲಿ ಬಳೆ 2.8ಕ್ಕೆ ಸರಿದರೆ ಇಡೀ ದಿನದ ಬಿಸಿಲಿನ ಚಿತ್ರಗಳು ಹೋದವು. ವ್ಯೂಫೈಂಡರಿನ ಕೆಳಗಿನ ಪುಟ್ಟ ಕಿಂಡಿಯಲ್ಲಿ ಬಳೆಯ ಸ್ಥಾನ ಕಾಣುತ್ತದೆ. ಅದನ್ನು ನೋಡುವುದು ರೂಢಿಯಾಗುವವರೆಗೆ ಒಂದೆರಡು ರೀಲು ದಂಡವಾಗುತ್ತವೆ.

ಅದೇ ಹೊತ್ತಿಗೆ ಫಿಲ್ಮಿನ ವೇಗದ ಅಂಕಿಯನ್ನೂ ನೋಡಿ. 25ರಿಂದ 400ರವರೆಗೆ ಇರುತ್ತದೆ. 400ರ ರೀಲು ಹಾಕಿ ಅಂಕಿಯನ್ನು 25ರಲ್ಲೇ ಬಿಟ್ಟರೆ ಬೆಳಕು ಹದಿನಾರು ಪಟ್ಟು ಹೆಚ್ಚು ಬೀಳುತ್ತದೆ. ಅದಕ್ಕೆ ಕ್ಯಾಮೆರಾವನ್ನು ದೂರುವಂತಿಲ್ಲ.

ಶಟರ್ ಬೀಳುತ್ತಲೇ ಇಲ್ಲ ಎಂದರೆ

ಹೆಬ್ಬೆರಳಿನ ಚಕ್ರವನ್ನು ಅದು ನಿಲ್ಲುವವರೆಗೆ ತಿರುಗಿಸಿ. ಇದನ್ನು ಫಿಲ್ಮ್ ಇಲ್ಲದೆಯೂ ಪರೀಕ್ಷಿಸಬಹುದು. ಈಗ ‘ಎ’ಯಲ್ಲಿ ಬಿಸಿಲಿನ ಕಡೆಗೆ ಹಿಡಿದು ಒತ್ತಿ. ಬಾವುಟ ಎದ್ದು ನಿಂತರೆ ಬಳೆಯನ್ನು 2.8ಕ್ಕೆ ತಿರುಗಿಸಿ ಮತ್ತೆ ಒತ್ತಿ.

2.8ರಲ್ಲಿ ಬಿತ್ತೇ? ಹಾಗಾದರೆ ಶಟರ್ ಗಟ್ಟಿಯಾಗಿದೆ, ಮೀಟರಿಗೆ ಬೆಳಕು ಕಾಣುತ್ತಿಲ್ಲ. ಸೆಲೆನಿಯಂ ಸತ್ತಿರಬಹುದು, ತಂತಿಯ ಬೆಸುಗೆ ಬಿಟ್ಟಿರಬಹುದು, ಮುಳ್ಳು ಸಿಕ್ಕಿಕೊಂಡಿರಬಹುದು. ಬಾವುಟವೂ ಏಳದೆ, 2.8ರಲ್ಲೂ ಬೀಳದೆ ಗುಂಡಿ ಗಟ್ಟಿಯಾಗಿ ನಿಂತಿದ್ದರೆ ದೋಷ ಚಕ್ರದಲ್ಲೋ ಶಟರ್ ಬಿಡಿಸುವ ಸನ್ನೆಗೋಲಿನಲ್ಲೋ ಇದೆ. ಅದು ರಿಪೇರಿಯವರ ಕೆಲಸ. ಗುಂಡಿಯನ್ನು ಬಲವಂತವಾಗಿ ಒತ್ತಿ ನೀವೇ ಹೊಸ ದೋಷ ಸೇರಿಸಬೇಡಿ.

ಇದಕ್ಕೆ ತಿರುಗುಮುರುಗು ಕಾಯಿಲೆಯೂ ಇದೆ: ‘ಎ’ಯಲ್ಲಿ ಮುಚ್ಚಳ ಹಾಕಿದ್ದರೂ ಶಟರ್ ಬೀಳುತ್ತದೆ. ಇಲ್ಲಿ ಮುಳ್ಳು ಮೇಲೆ ಸಿಕ್ಕಿಕೊಂಡಿದೆ, ಇಲ್ಲವೇ ಬಾವುಟದ ಸನ್ನೆಗೋಲು ಅಂಟಿದೆ. ‘ಬಾವುಟ ಸ್ವಲ್ಪ ಸೋಮಾರಿ, ಆದರೆ ಫೋಟೋ ಬರುತ್ತದೆ’ ಎನ್ನುವವರಿಂದ ಕ್ಯಾಮೆರಾ ಕೊಳ್ಳಬೇಡಿ.

ಮೀಟರಿಗೆ ಜೀವ ಇದೆ, ಲೆಕ್ಕ ಸರಿ ಇದೆಯೇ?

ಇದಕ್ಕೆ ಮೊಬೈಲಿನಲ್ಲಿ ಬೆಳಕು ಅಳೆಯುವ ಯಾವುದಾದರೂ ಆ್ಯಪ್ ಸಾಕು. ಟ್ರಿಪ್ ಕೊಡಬಲ್ಲ ಅತಿ ಹೆಚ್ಚು ಎಕ್ಸ್‌ಪೋಷರ್ (ಫಿಲ್ಮಿಗೆ ಬೀಳುವ ಬೆಳಕು) ಎಫ್ 2.8, 1/40. ಅದಕ್ಕಿಂತ ಹೆಚ್ಚು ಬೇಕಾದಾಗ ಬಾವುಟ ಏಳಬೇಕು. ಆದ್ದರಿಂದ ಕ್ಯಾಮೆರಾವನ್ನೂ ಆ್ಯಪನ್ನೂ 400ಕ್ಕೆ ಇಟ್ಟುಕೊಂಡು, ಒಂದು ಖಾಲಿ ಗೋಡೆಯ ಎದುರು ಕಿಟಕಿಯ ಪರದೆಯನ್ನು ನಿಧಾನವಾಗಿ ಎಳೆಯುತ್ತ ಬನ್ನಿ. ಎಫ್ 2.8ಕ್ಕೆ ಆ್ಯಪ್ 1/40 ತೋರಿಸುವ ಆಸುಪಾಸಿನಲ್ಲಿ ಬಾವುಟ ಏಳಬೇಕು. ಒಂದು ಸ್ಟಾಪ್ (ಅಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಆಚೀಚೆ ಆದರೆ ಚಿಂತೆಯಿಲ್ಲ, ಕಲರ್ ನೆಗೆಟಿವ್ ಅದನ್ನು ನುಂಗಿಕೊಳ್ಳುತ್ತದೆ. ಆ್ಯಪ್ 1/160 ಸಾಕು ಎನ್ನುತ್ತಿರುವಾಗಲೇ ಬಾವುಟ ಎದ್ದರೆ ಸೆಲೆನಿಯಂ ಎರಡು ಸ್ಟಾಪ್ ಸೊರಗಿದೆ ಎಂದರ್ಥ.

ಸೊರಗಿದ ಸೆಲೆನಿಯಂಗೆ ಪೂರ್ತಿ ಮದ್ದಿಲ್ಲ. ಬೇರೆ ಟ್ರಿಪ್‌ನಿಂದ ಬಿಚ್ಚಿ ಹಾಕಬಹುದು, ಇಲ್ಲವೇ ಹೊಂದಾಣಿಕೆ ಮಾಡಿಕೊಳ್ಳಬಹುದು. ಸೊರಗಿದ ಮೀಟರ್ ಬೆಳಕನ್ನು ಕಡಿಮೆ ಎಂದು ಭಾವಿಸಿ ಅಪರ್ಚರನ್ನು ಹೆಚ್ಚು ತೆರೆಯುತ್ತದೆ. ಆದ್ದರಿಂದ ಒಂದು ಸ್ಟಾಪ್ ಸೊರಗಿದ್ದರೆ 100ರ ರೀಲಿಗೆ ಅಂಕಿಯನ್ನು 200ಕ್ಕೆ ಇಡಿ. ನನಗೆ ತಿಳಿದಂತೆ ಇದಕ್ಕಿಂತ ಅಗ್ಗದ ರಿಪೇರಿ ಇಲ್ಲ.

ಎಲೆಗಳ ವಿಚಾರ

ಈಗ ನನ್ನ ತೇರಿನ ಚಿತ್ರಗಳಿಗೆ ಬರೋಣ. 200ರ ಫಿಲ್ಮಿಗೆ ನೆತ್ತಿಯ ಬಿಸಿಲಿನಲ್ಲಿ ಬೇಕಾದದ್ದು 1/200ಕ್ಕೆ ಎಫ್ 16. ಎಲೆಗಳು ಪೂರ್ತಿ ತೆರೆದ ಸ್ಥಿತಿಯಲ್ಲಿ ಅಂಟಿಕೊಂಡಿದ್ದರೆ ಸಿಗುವುದು ಎಫ್ 2.8. ನಡುವೆ ಐದು ಸ್ಟಾಪ್, ಅಂದರೆ 32 ಪಟ್ಟು ಬೆಳಕು. ನೆರಳಿನಲ್ಲಿದ್ದ ಅಜ್ಜಿಯರಿಗೆ ಹೇಗೂ ಎಫ್ 2.8 ಅಥವಾ 4 ಬೇಕಿತ್ತು, ಹಾಗಾಗಿ ಅವರು ಉಳಿದುಕೊಂಡರು. ತೇರು ಸುಟ್ಟುಹೋಯಿತು.

ಸೊರಗಿದ ಸೆಲೆನಿಯಂ ಕೂಡ ನೆಗೆಟಿವನ್ನು ಕಪ್ಪಾಗಿಸುತ್ತದೆ. ಎರಡನ್ನೂ ಬೇರೆ ಮಾಡುವುದು ಹೇಗೆ? ಸೆಲೆನಿಯಂ ಸೊರಗಿದ್ದರೆ ಬಿಸಿಲು, ನೆರಳು ಎನ್ನದೆ ಬಹುಪಾಲು ಚಿತ್ರಗಳು ಕಪ್ಪಾಗುತ್ತವೆ, ಜೊತೆಗೆ ಬಾವುಟ ಬೇಗ ಏಳುತ್ತದೆ. ಎಲೆಗಳು ಅಂಟಿದ್ದರೆ ಬಾವುಟ ಕರಾರುವಾಕ್ಕಾಗಿ ಏಳುತ್ತದೆ, ಬಿಸಿಲಿನ ಚಿತ್ರಗಳು ಮಾತ್ರ ಹಾಳಾಗುತ್ತವೆ. ಎಲೆಗಳು ಸಣ್ಣ ತೂತಿನಲ್ಲಿ ಅಂಟಿಕೊಂಡಿದ್ದರೆ ಇದೇ ಕಥೆ ತಲೆಕೆಳಗು: ಬಿಸಿಲಿನವು ಸರಿ, ನೆರಳಿನವು ಗಾಜಿನಂತೆ ತೆಳು.

ಕಣ್ಣಾರೆ ನೋಡಬೇಕೆಂದರೆ ಹಿಂಬಾಗಿಲು ತೆರೆಯಿರಿ. ಮಂದ ಬೆಳಕಿನ ಕೋಣೆಯಲ್ಲಿ ಲೆನ್ಸನ್ನು ಬಿಳಿ ಗೋಡೆಗೆ ಮುಖ ಮಾಡಿ, ಫಿಲ್ಮ್ ಕೂರುವ ಜಾಗದಿಂದ ಕಣ್ಣಿಟ್ಟು ನೋಡುತ್ತ ಮೊದಲು 2.8ರಲ್ಲಿ, ಆಮೇಲೆ 22ರಲ್ಲಿ ಗುಂಡಿ ಒತ್ತಿ. ಮೊದಲ ಬಾರಿ ದೊಡ್ಡ ಕಿಂಡಿ ಮಿಂಚಬೇಕು. ಎರಡನೆಯ ಬಾರಿ ಕಾಣುವುದು ಎಳ್ಳಿನಷ್ಟು ಸಣ್ಣ ವಜ್ರಾಕೃತಿ, ಎರಡೇ ಎಲೆ ಸೇರಿದರೆ ಆ ಆಕಾರವೇ ಆಗುವುದು. ಎರಡೂ ಸಲ ಒಂದೇ ಗಾತ್ರ ಕಂಡರೆ ಕಾಯಿಲೆ ಸಿಕ್ಕಿತು. ಹಾಗೆಯೇ ‘ಎ’ಗೆ ಇಟ್ಟು, 400ಕ್ಕೆ ತಿರುಗಿಸಿ, ಬಿಸಿಲು ಬಿದ್ದ ಗೋಡೆಗೆ ಹಿಡಿದೂ ನೋಡಿ. ಸೂರ್ಯನತ್ತ ಮಾತ್ರ ಬೇಡ, ಕಣ್ಣು ಒಂದೇ ಜೊತೆ.

ಕಣ್ಣಿಗೆ ಸಾಲದಿದ್ದರೆ ಮೊಬೈಲಿನ ಸ್ಲೋ ಮೋಷನ್ ಇದೆ. ಸೆಕೆಂಡಿಗೆ 240 ಚೌಕಟ್ಟು ಹಿಡಿಯುವ ವಿಡಿಯೋದಲ್ಲಿ 1/40ರ ಶಟರ್ ಸುಮಾರು ಆರು ಚೌಕಟ್ಟುಗಳಲ್ಲಿ ತೆರೆದು ಕಾಣಬೇಕು, 1/200 ಒಂದೆರಡರಲ್ಲಿ. 1/40 ಹತ್ತು ಹನ್ನೆರಡು ಚೌಕಟ್ಟು ಎಳೆದರೆ ಶಟರಿನ ಎಲೆಗಳಿಗೂ ಜಿಡ್ಡು ಹಿಡಿದಿದೆ ಎಂದು ಲೆಕ್ಕ. ನಾನೀಗ ವಿಡಿಯೋಗೂ ಹೋಗುವುದಿಲ್ಲ, ಕಿವಿಯೇ ಸಾಕು. ಬಿಸಿಲಿನಲ್ಲಿ ‘ಎ’ಯ ಸದ್ದು ಒಣ ಕಡ್ಡಿ ಮುರಿದಂತೆ ಚುಟುಕಾಗಿರುತ್ತದೆ. ಅಂಕಿಗೆ ತಿರುಗಿಸಿದರೆ ಅದೇ ಸದ್ದು ಎರಡು ತುಂಡಾಗಿ, ಟಿಕ್-ಟಕ್ ಎಂದು ತುಸು ಎಳೆದು ಬರುತ್ತದೆ. ಎರಡೂ ಒಂದೇ ರೀತಿ ಕೇಳಿಸಿದರೆ ಅನುಮಾನಪಡಿ.

ಅಂಟು ಬಿಡಿಸುವುದು

ಎಲೆಗಳಿಗೆ ಹಿಡಿದ ಜಿಡ್ಡನ್ನು ಲೈಟರಿಗೆ ಹಾಕುವ ನಾಫ್ತಾದಿಂದ ಕರಗಿಸಬೇಕು. ಇದಕ್ಕೆ ಲೆನ್ಸಿನ ಮುಂಭಾಗ ಬಿಚ್ಚಬೇಕಾಗುತ್ತದೆ. ಫೋಕಸ್ ಬಳೆಯನ್ನು ಹಿಡಿದಿರುವ ಮೂರು ಪುಟಾಣಿ ಸ್ಕ್ರೂಗಳನ್ನು ಸಡಿಲಿಸಿ ಬಳೆ ತೆಗೆಯುವುದು, ಆಮೇಲೆ ಮುಂದಿನ ಗಾಜನ್ನು ತಿರುಗಿಸಿ ಹೊರತೆಗೆಯುವುದು. ಇಲ್ಲಿಯೇ ಎಲ್ಲರೂ ಎಡವುತ್ತಾರೆ, ನಾನೂ ಎಡವಿದೆ. ಗಾಜು ತನ್ನ ಮರೆಯಿಂದ (ತಿರುಪಿನ ಸುತ್ತಿನಿಂದ) ಯಾವ ಜಾಗದಲ್ಲಿ ಬಿಟ್ಟುಕೊಂಡಿತು ಎಂಬುದನ್ನು ಸೂಜಿಯಿಂದ ಗೆರೆ ಎಳೆದು ಗುರುತು ಮಾಡಿಕೊಳ್ಳದಿದ್ದರೆ, ಮತ್ತೆ ಹಾಕುವಾಗ ಬೇರೆ ಮರೆಗೆ ಕೂರುತ್ತದೆ. ಆಮೇಲೆ ಫೋಕಸ್ ಬಳೆಯನ್ನು ದೂರದ ನೋಟಕ್ಕಿರುವ ಬೆಟ್ಟದ ಗುರುತಿಗೆ ಇಟ್ಟರೂ ಬೆಟ್ಟ ಮಸುಕು. ಗುಂಡಿ ಒತ್ತಿದಷ್ಟು ಹೊತ್ತು ಶಟರ್ ತೆರೆದಿಡುವ ಬಲ್ಬ್ ಸ್ಥಾನ ಈ ಕ್ಯಾಮೆರಾದಲ್ಲಿ ಇಲ್ಲದ ಕಾರಣ ಶಟರ್ ತೆರೆದಿಟ್ಟು ಹಿಂದಿನಿಂದ ಫೋಕಸ್ ಪರೀಕ್ಷಿಸುವುದೂ ಸುಲಭವಲ್ಲ. ನನಗೆ ಗುರುತು ಮರೆತದ್ದರ ಬೆಲೆ ಇನ್ನೊಂದು ರೀಲು.

ನಾಫ್ತಾ ಬೆಂಕಿಗೆ ಮೊದಲೇ ಕೈಚಾಚುವ ವಸ್ತು. ಕಿಟಕಿ ತೆರೆದಿರಲಿ, ಒಲೆ, ದೀಪ, ಊದಿನಕಡ್ಡಿ ದೂರವಿರಲಿ. ಹತ್ತಿಯ ಕಡ್ಡಿಯಲ್ಲಿ ಒಂದೆರಡು ಹನಿ ತೆಗೆದುಕೊಂಡು ಎಲೆಗಳ ಮೇಲೆ ಒತ್ತಿ, ಬಳೆಯನ್ನು 2.8ರಿಂದ 22ಕ್ಕೆ ಬದಲಿಸುತ್ತ ಹತ್ತಾರು ಬಾರಿ ಗುಂಡಿ ಒತ್ತಿ, ಕರಗಿದ ಜಿಡ್ಡನ್ನು ಹೊಸ ಹತ್ತಿಯಿಂದ ತೆಗೆಯಿರಿ. ಒದ್ದೆಯಿರುವಾಗ ಎಲೆಗಳು ಲವಲವಿಕೆಯಿಂದ ಆಡಿ ನಿಮ್ಮನ್ನು ಮೋಸಗೊಳಿಸುತ್ತವೆ, ಒಣಗಿದ ಮೇಲೆ ಮತ್ತೆ ಅಂಟುತ್ತವೆ. ನನ್ನದು ಮೂರನೆಯ ಸುತ್ತಿಗೆ ಸರಿಹೋಯಿತು. ಕೊನೆಯಲ್ಲಿ ‘ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ’ ಎಂದು ಸಲಹೆ ಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ. ಎಲೆಗಳು ಒಣಗಿಯೇ ಓಡಾಡಬೇಕು. ಈಗ ತೊಳೆದದ್ದೇ ಎಣ್ಣೆಯನ್ನಲ್ಲವೇ?

ನೆಗೆಟಿವ್ ಓದುವುದು

ಲ್ಯಾಬಿನಿಂದ ಸ್ಕ್ಯಾನ್ ಮಾತ್ರ ತರಿಸಿಕೊಂಡರೆ ರೋಗಿಯನ್ನು ನೋಡದೆ ಮದ್ದು ಕೊಟ್ಟಂತೆ. ನೆಗೆಟಿವ್ ಕೇಳಿ ಪಡೆಯಿರಿ.

ಇಡೀ ಪಟ್ಟಿಯಲ್ಲಿ ಒಂದೂ ಚಿತ್ರವಿಲ್ಲ, ಆದರೆ ಅಂಚಿನಲ್ಲಿ ಕಂಪನಿಯ ಹೆಸರು, ಅಂಕಿಗಳು ಸ್ಪಷ್ಟವಾಗಿವೆ ಎಂದರೆ ತೊಳೆದದ್ದು ಸರಿಯಾಗಿದೆ, ಫಿಲ್ಮಿಗೆ ಬೆಳಕೇ ಬಿದ್ದಿಲ್ಲ. ಹೆಚ್ಚಿನ ಸಲ ಫಿಲ್ಮಿನ ನಾಲಗೆ ಸುತ್ತುವ ಕಂಬದಿಂದ ಜಾರಿರುತ್ತದೆ. ನೀವು 36 ಸಲ ಕ್ಲಿಕ್ಕಿಸಿದ್ದೀರಿ, ಫಿಲ್ಮ್ ಡಬ್ಬಿಯೊಳಗೆ ತಣ್ಣಗೆ ಮಲಗಿತ್ತು. ಮುಂದಿನ ಸಲ ಹಿಂಬಾಗಿಲು ಮುಚ್ಚಿದ ಮೇಲೆ ಎಡಗಡೆಯ ಹಿಡಿಕೆಯನ್ನು ಮೆಲ್ಲನೆ ತಿರುಗಿಸಿ ಸಡಿಲನ್ನು ತೆಗೆಯಿರಿ. ಚಕ್ರ ಸುತ್ತುವಾಗಲೆಲ್ಲ ಆ ಹಿಡಿಕೆ ತಾನೂ ತಿರುಗಬೇಕು. ತಿರುಗಿದರೆ ಫಿಲ್ಮ್ ಓಡುತ್ತಿದೆ. ಅಂಚಿನ ಬರಹವೂ ಇಲ್ಲದೆ ಪಟ್ಟಿ ಪೂರ್ತಿ ಖಾಲಿಯಿದ್ದರೆ ಮಾತ್ರ ತೊಳೆದವರನ್ನು ಕೇಳಬಹುದು.

ಬೆಳಕು ಸೋರಿಕೆ ಪ್ರಿಂಟಿನಲ್ಲಿ ಕೆಂಪು-ಕಿತ್ತಳೆ ಮಚ್ಚೆಯಾಗಿ, ನೆಗೆಟಿವಿನಲ್ಲಿ ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಚಿತ್ರದ ಚೌಕಟ್ಟನ್ನು ದಾಟಿ ಫಿಲ್ಮಿನ ಅಂಚಿನ ಹಲ್ಲಿನ ತೂತುಗಳವರೆಗೆ ಹೋಗಿದೆಯೇ ಎಂಬುದೇ ಪ್ರಶ್ನೆ. ಹೋಗಿದ್ದರೆ ಬೆಳಕು ಹಿಂಬಾಗಿಲಿನಿಂದ ನುಗ್ಗಿದೆ. ಚೌಕಟ್ಟಿನೊಳಗೇ ನಿಂತಿದ್ದರೆ ಲೆನ್ಸಿನ ಕಡೆಯಿಂದ ಬಂದಿದೆ.

ಬಾಗಿಲಿನ ಸೋರಿಕೆ ಈ ವಯಸ್ಸಿನ ಕ್ಯಾಮೆರಾಗಳಿಗೆ ನರೆಗೂದಲಿದ್ದಂತೆ, ಬಂದೇ ಬರುತ್ತದೆ. ಅಂಚಿನ ತೋಡುಗಳಲ್ಲಿ ಬೆಳಕು ತಡೆಯಲು ಇಟ್ಟ ಫೋಮ್ ದಶಕಗಳಲ್ಲಿ ಕರಗಿ ಡಾಂಬರಿನಂತಾಗುತ್ತದೆ. ಬೆರಳಿಗೆ ಹತ್ತಿದರೆ ಮೂರು ದಿನ ಬಿಡುವುದಿಲ್ಲ. ಬಿದಿರಿನ ಹಲ್ಲುಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ನಿಧಾನವಾಗಿ ಕೆರೆಯಿರಿ. ತುಣುಕುಗಳು ಶಟರಿನ ಕಡೆಗೆ ಬೀಳದಂತೆ ಕ್ಯಾಮೆರಾವನ್ನು ಬೋರಲು ಹಿಡಿದುಕೊಳ್ಳಿ. ಹೊಸ ಫೋಮ್ ಸಿಗದಿದ್ದರೆ ಸ್ವೆಟರ್ ಹೆಣೆಯುವ ಕಪ್ಪು ಉಣ್ಣೆಯ ಎಳೆಯೊಂದನ್ನು ತೋಡಿನೊಳಗೆ ಒತ್ತಿ ಕೂರಿಸಿದರೆ ಸಾಕು. ಅಂಟೂ ಬೇಡ. ಕೀಲಿನ ಬದಿಗೆ ಮಾತ್ರ ಕಪ್ಪು ಫೆಲ್ಟಿನ ಪಟ್ಟಿ ಮೇಲು.

ಮಸುಕು

ಎಲ್ಲವೂ ಒಂದೇ ದಿಕ್ಕಿಗೆ ಒರೆಸಿದಂತಿದ್ದರೆ ಕೈ ಅಲುಗಿದೆ. ಸಂಜೆ ಹೊತ್ತಿನಲ್ಲಿ ಶಟರ್ 1/40ಕ್ಕೆ ಇಳಿದಿರುತ್ತದೆ, ಉಸಿರು ಬಿಗಿಹಿಡಿದು ಒತ್ತಬೇಕು. ಮುಖ ಮಸುಕಾಗಿ ಹಿಂದಿನ ಗೋಡೆ ಚೊಕ್ಕವಾಗಿದ್ದರೆ ದೂರದ ಅಂದಾಜು ತಪ್ಪಿದೆ. ಫೋಕಸ್ ಬಳೆಯ ನಾಲ್ಕು ಚಿತ್ರಗಳ ಅರ್ಥ 1 ಮೀಟರ್, 1.5, 3, ಆಮೇಲೆ ಬೆಟ್ಟ. ಬಿಸಿಲಿನಲ್ಲಿ ಎಫ್ 11ರ ಹತ್ತಿರ, 3 ಮೀಟರಿನ ಗುರುತಿಗಿಟ್ಟರೆ ಸುಮಾರು 2ರಿಂದ 7 ಮೀಟರಿನವರೆಗೆ ಚೊಕ್ಕವಾಗಿಯೇ ಬರುತ್ತದೆ, ಬಳೆ ಮುಟ್ಟುವ ಕೆಲಸವಿಲ್ಲ. ಎಫ್ 2.8ರಲ್ಲಿ 1 ಮೀಟರಿಗೆ ಸಿಗುವ ಆಳ ಒಂದು ಗೇಣಿಗೂ ಕಡಿಮೆ. ನಾನು ಕೈಚಾಚಿ ಅಳೆಯುತ್ತೇನೆ, ಎದುರಿಗಿದ್ದವರು ನಗುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ.

ಹತ್ತಿರದ ಚಿತ್ರದಲ್ಲಿ ತಲೆ ಕತ್ತರಿಸಿಹೋಗಿದ್ದರೆ ಅದು ದೋಷವಲ್ಲ. ನೀವು ನೋಡುವ ಕಿಂಡಿಯೂ ಲೆನ್ಸೂ ಒಂದೇ ಜಾಗದಲ್ಲಿಲ್ಲ. ವ್ಯೂಫೈಂಡರಿನೊಳಗೆ ಹತ್ತಿರಕ್ಕೆಂದೇ ಹಾಕಿದ ಗುರುತುಗಳಿವೆ, ಅವುಗಳೊಳಗೆ ತಲೆ ಕೂರಿಸಿ.

ಮಳೆಗಾಲ

ಲೆನ್ಸಿನೊಳಗೆ ಜೇಡರಬಲೆಯಂಥ ಎಳೆಗಳು ಕಂಡರೆ ಅದು ಬೂಸಲು. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಭರಣಿಯೇ ನೀರೊಡೆಯುವಾಗ ಚರ್ಮದ ಚೀಲದಲ್ಲಿಟ್ಟ ಕ್ಯಾಮೆರಾ ಉಳಿಯುವುದು ಹೇಗೆ? ಚರ್ಮ ತೇವ ಹೀರಿ ಇಟ್ಟುಕೊಳ್ಳುತ್ತದೆ. ಸೆಲೆನಿಯಂನ ಸಂಪರ್ಕಗಳಿಗೂ ಶತ್ರು ಅದೇ ತೇವ. ಚೀಲವನ್ನು ನೆನಪಿಗೆ ಬೇರೆ ಇಡಿ. ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್‌ನ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಹಾಕಿ. ಅಕ್ಕಿಯಲ್ಲಿ ಹೂಳುವ ಉಪಾಯದಿಂದ ಶಟರಿಗೆ ಅಕ್ಕಿಯ ಹಿಟ್ಟು ಸಿಗುತ್ತದೆ, ಬೇರೇನೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ಪರೀಕ್ಷೆಗೆಂದೇ ಒಂದು ಅಗ್ಗದ ರೀಲು ಹಾಕಿ. ಪ್ರತಿ ಚಿತ್ರಕ್ಕೂ ಬಿಸಿಲೋ ನೆರಳೋ, ಫೋಕಸ್ ಗುರುತು ಯಾವುದು ಎಂದು ಚೀಟಿಯಲ್ಲಿ ಬರೆದಿಡಿ. ನನ್ನ ಚೀಟಿಯ ಕೊನೆಯ ಸಾಲು ಹೀಗಿದೆ: ‘36. ಅಂಗಳ, ಹನ್ನೆರಡು ಗಂಟೆ, ಒಣಹಾಕಿದ ಬಿಳಿ ಪಂಚೆ, ಬೆಟ್ಟದ ಗುರುತು.’ ಆ ನೆಗೆಟಿವಿನಲ್ಲಿ ಪಂಚೆಯ ನೆರಿಗೆಗಳನ್ನು ಒಂದೊಂದಾಗಿ ಎಣಿಸಬಹುದು.